ಬೆನ್ನಿನ ಕಡೆ

ಮ್ಯಾಂಗನೀಸ್ ತುಂಬಲು ಬಂದು ಲಂಗರು ಹಾಕಿದ ಹಡಗಿನಿಂದ
ಅಂಗಿಯ ಗುಂಡಿ ಹಾಕಿಸಲು ಇಳಿದ ಖಲಾಸಿ
ಚಿಲ್ಲರೆ ಇಲ್ಲವೆಂದು ಕೈಸನ್ನೆ ಮಾಡಿ
ಬಿಟ್ಟುಹೋದದ್ದು ಒಂದು ಪತ್ರಿಕೆ.
ಮುಖಪುಟದ ತುಂಬ ಅವಳು, ನೆರಿನಾ ಬೊಸ್ಕೋಲಿ:
ಕಪ್ಪು ಫ್ರಾಕು, ಸೊಂಟದ ಮೇಲೆ ಕೈ,
ಸಾಲ ವಸೂಲಿಗೆ ಬಂದವನನ್ನು
ಹೊಸ್ತಿಲಲ್ಲೇ ನಿಲ್ಲಿಸಿದಂಥ ನೋಟ.

ಕೋಡಿಬಾಗದಲ್ಲಿ ಪಿಯದಾದ್ ಬಾಯಿಯ ಹೊಲಿಗೆಯಂಗಡಿ.
ನನಗಾಗ ಹನ್ನೆರಡು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ
ಕಾಜ ಕಟ್ಟುವುದು, ಇಸ್ತ್ರಿಗೆ ಕರಟದ ಕೆಂಡ ತುಂಬುವುದು,
ಗಿರಾಕಿಗಳೆದುರು ತುಟಿ ಬಿಚ್ಚದಿರುವುದು.

ಬಾಯಿ ಭೂತಗನ್ನಡಿ ಹಿಡಿದು ಚಿತ್ರ ಓದಿದಳು:
'ಸೊಂಟ ಇಪ್ಪತ್ತಮೂರು.
ಎಡಭುಜ ಅರ್ಧ ಇಂಚು ಕೆಳಗೆ.
ಸಣ್ಣವಳಿದ್ದಾಗ ಬುಟ್ಟಿ ಹೊತ್ತಿದ್ದಾಳೆ ಇವಳು, ನೋಡು.'

ನಿಜವೇ ಆಗಿತ್ತು.
ನಿಲುವಂಗಿಯ ಅಳತೆ ಕೊಡಲು ಬಂದ ಪಾದ್ರಿ ಸಿಪ್ರಿಯಾನರು,
ರೋಮಿನಲ್ಲಿ ಓದಿದವರು, ಸಿಕ್ಕಿಬಿದ್ದರು ನಮ್ಮ ಕೈಗೆ.
ಬಂದರಿನ ಊರಿನವಳಂತೆ, ತಾಯಿ ಉಪ್ಪುಮೀನು ಮಾರುವವಳು.
ಹದಿನಾರಕ್ಕೆ ಸೋಪಿನ ಜಾಹೀರಾತು,
ಹದಿನೆಂಟಕ್ಕೆ ಮೊದಲ ಚಿತ್ರ,
ಇಪ್ಪತ್ತೊಂದಕ್ಕೆ...
ಇಲ್ಲಿ ಕೆಮ್ಮಿ ಪುಟ ಮಗುಚಿದರು.
ಇಪ್ಪತ್ತೈದಕ್ಕೆ... ಮತ್ತೆ ಕೆಮ್ಮು.
ಅವಳ ಮದುವೆಗಳೆಲ್ಲ ಇವತ್ತಿಗೂ ನಮಗೆ
ಪಾದ್ರಿಯ ಕೆಮ್ಮಾಗಿ ಮಾತ್ರ ಗೊತ್ತು.

ಒಂದನ್ನು ಬಿಡದೆ ಓದಿದರು:
ಪರದೆಯ ಮೇಲೆ ಅವಳದು ಬರೀ ತುಟಿ.
ದಕ್ಕೆಯ ಮಾತು, ಒರಟು ಕಂಠ ಎಂದು
ಬೇರೆ ಯಾವಳೋ ಕತ್ತಲ ಕೋಣೆಯಲ್ಲಿ ನಿಂತು
ಇವಳಿಗಾಗಿ ಅಳುತ್ತಾಳೆ,
ಇವಳಿಗಾಗಿ ಒಲ್ಲೆ ಎನ್ನುತ್ತಾಳೆ.

ಸೂಜಿ ಬೆರಳಿಗೆ ಚುಚ್ಚಿತು.
ಆ ವರ್ಷವೇ ಶಾಲೆಯ ನಾಟಕದಲ್ಲಿ ನಾನು ರಾಣಿ.
'ಕೊಂಕಣಿ ಹಾಗೆ ಎಳೀಬೇಡ, ಬರೇ ತುಟಿ ಆಡಿಸು'
ಎಂದ ಧಾರವಾಡದ ಮಾಸ್ತರರು ನನ್ನ ಮಾತುಗಳನ್ನು
ಮಾಮಲೇದಾರರ ಮಗಳಿಂದ ಹೇಳಿಸಿದ್ದರು ಪರದೆಯ ಹಿಂದೆ.
ಚಪ್ಪಾಳೆಯೇನೋ ಬಿತ್ತು. ಯಾರಿಗೆಂದು ಯಾರೂ ಹೇಳಲಿಲ್ಲ.

ಆ ಕಪ್ಪು ಫ್ರಾಕನ್ನು ಹನ್ನೊಂದು ಸಲ ಹೊಲಿದೆವು.
ಕಸ್ಟಮ್ಸ್ ಸಾಹೇಬರ ಮಗಳಿಗೆ ಹಳದಿಯಲ್ಲಿ,
ಸುಂಕೇರಿಯ ಮೊನಿಕಾಳಿಗೆ, ಬಸುರಿ, ಸೊಂಟ ಬಿಚ್ಚಿ.
ಚಿತ್ರದಲ್ಲಿದ್ದದ್ದು ಎದುರು ಮಾತ್ರ.
ಬೆನ್ನು ಪೂರಾ ಬಾಯಿಯ ಊಹೆ:
ಕತ್ತಿನಿಂದ ಕೆಳಗೆ ಒಂಬತ್ತು ಗುಂಡಿ,
ಒಂಬತ್ತು ಕಾಜ. ಅಷ್ಟೂ ನನ್ನವು.

ಎಂಬತ್ತಮೂರರ ಡಿಸೆಂಬರ್. ಕಾಲೇಜಿನ ಹುಡುಗರು
ಸಭಾಭವನದಲ್ಲಿ ಬಿಳಿ ಬಟ್ಟೆ ಕಟ್ಟಿ ಅವಳ ಎರಡು ಚಿತ್ರ ತೋರಿಸಿದರು.
ಒಂದು ಕಣ್ಣಿಗೆ ಪೊರೆ ಬಂದ ಬಾಯಿಯನ್ನು
ರಿಕ್ಷಾದಲ್ಲಿ ಕೂರಿಸಿ ಕರೆದೊಯ್ದೆ.
ಕಪ್ಪು ಫ್ರಾಕಿನವಳು ಕಿಟಕಿಯ ತನಕ ನಡೆದಳು,
ಪತ್ರ ಹರಿದಳು,
ತಿರುಗಿದಳು.
'ಜಿಪ್ಪು!' ಬಾಯಿಯ ದನಿ ಇಡೀ ಭವನಕ್ಕೆ ಕೇಳಿಸಿತು.
'ಬರೀ ಜಿಪ್ಪು! ಅದೂ ಸೊಟ್ಟ!
ನಮ್ಮದೇ ಚಂದವಿತ್ತಲ್ಲೇ ಪೋರಿ!'

ಎರಡನೆಯದು ಬಣ್ಣದ್ದು, ಅವಳ ಕಡೆಯದು.
ಅವಳಿಗೆ ಐವತ್ತರ ಮೇಲೆ, ರೈಲುನಿಲ್ದಾಣದಲ್ಲಿ
ಕಸ ಗುಡಿಸುವವಳ ಪಾತ್ರ.
ಇದೊಂದರಲ್ಲಿ ಕಂಠವೂ ಅವಳದೇ
ಎಂದಿತ್ತು ಹುಡುಗರು ಹಂಚಿದ ಚೀಟಿಯಲ್ಲಿ.
ಇಪ್ಪತ್ತು ನಿಮಿಷ ಗುಡಿಸಿದಳು, ಏನೂ ಆಡದೆ.
ಆಮೇಲೆ ಆಡಿದಳು.
ಬೈತಖೋಲದಲ್ಲಿ ಬೆಳಗಿನ ಐದಕ್ಕೆ
ಬಂಗಡೆ ಎಣಿಸಿ ಎಣಿಸಿ ಬುಟ್ಟಿಗೆಸೆವ ಹೆಂಗಸಿನ ಕಂಠ.
ಮುಂದಿನ ಸಾಲಲ್ಲಿ ಯಾರೋ ನಕ್ಕರು.
ಭಾಷೆ ನಮಗೆ ಒಂದಕ್ಷರ ಬಾರದು,
ಎಷ್ಟಕ್ಕೆ ಕೊಡುತ್ತಿದ್ದಾಳೆ,
ಎಷ್ಟಕ್ಕೆ ಕೊಡಲೊಲ್ಲಳು ಎಂಬುದು ಪೂರಾ ತಿಳಿಯಿತು.

'ಎಡಭುಜ ಈಗ ಒಂದು ಇಂಚು,' ಎಂದಳು ಬಾಯಿ
ದೀಪ ಹತ್ತಿದ ಮೇಲೆ, ಚಪ್ಪಲಿ ಹುಡುಕುತ್ತ.

ಹೊರಗೆ ಕಾಳಿಯ ಗಾಳಿ. ರಿಕ್ಷಾದವನು ಹುಬ್ಬಳ್ಳಿ ಕಡೆಯ ಹುಡುಗ.
'ಎಲ್ಲಿಗ್ರಿ ಅಕ್ಕಾರ?' ಎಂದ.
ಹೇಳಿದೆ, ಎಳೆದೇ ಹೇಳಿದೆ,
ಕೋಡಿಬಾ...ಗ.